ಮೂರನೇ ಸಾಲಿನಲ್ಲಿ ಪೆರಿಜಾತ್

ಉಣ್ಣೆ ಚುಚ್ಚುತ್ತಿದೆ, ಎಡಗಾಲಿನ ಹರಡಿನ ಮೇಲೆ ಗಂಟು ಕೂತಿದೆ, ಬಗ್ಗಿ ತುರಿಸಿಕೊಳ್ಳುವಂತಿಲ್ಲ — ಬಗ್ಗಿದರೆ ತಲೆಯ ಮೇಲಿನ ಗರಿಟೋಪಿ ಜಾರುತ್ತದೆ, ಕ್ಯಾಮೆರಾದ ಕೆಂಪು ದೀಪ ಬೇರೆ ಉರಿಯುತ್ತಿದೆ, ದೀಪ ಉರಿಯುವಷ್ಟು ಹೊತ್ತೂ ಹಲ್ಲು ಕಾಣಬೇಕು ಎಂದು ನಿರ್ಮಾಪಕ ಸಾಬಿತ್ ಅಗಾ ಬೆಳಗಿನಿಂದ ಹತ್ತು ಸಲ ಹೇಳಿದ್ದಾರೆ, ಹಾಗಾಗಿ ಕುರಲಾಯ್ ನಗುತ್ತಲೇ ನಿಂತಿದ್ದಾಳೆ, ಎಡಕ್ಕೆ ತೊಗ್ಜಾನ್, ಆಚೆಗೆ ಹಾಡುವ ಗುಂಪಿನ ಉಳಿದಿಬ್ಬರು, ನಾಲ್ಕು ಜನರ ಎಂಟು ಕಾಲಿಗೂ ಕರಿಬಿಳಿ ಹುರಿ, ಕೋಳಿ ಮಾರುವವನು ಕೋಳಿ ಕಟ್ಟಿಟ್ಟ ಹಾಗೆ. ಮಗು ಮೊದಲ ಹೆಜ್ಜೆ ಇಡುವಾಗ ಕಾಲಿಗೆ ಹುರಿ ಕಟ್ಟಿ ಹಿರಿಯರೊಬ್ಬರು ಕತ್ತರಿಸುತ್ತಾರಲ್ಲ, ಈಗ ಪುಸ್ತಕ ಬಂದರೂ ಅದೇ ಹೆಸರಿನ ಸಮಾರಂಭ, ಆಲ್ಬಮ್ ಬಂದರೂ ಅದೇ, ಬರೀ ಬಾಯಿಮಾತಿಗೆ — ಸಾಬಿತ್ ಅಗಾಗೆ ಬಾಯಿಮಾತು ಸಾಲದು, ನಿಜವಾಗಿ ಕಟ್ಟೋಣ, ಇಡೀ ದೇಶ ನೋಡುತ್ತೆ, ನಿಮ್ಮಜ್ಜೀನೇ ಕರೆಸು, ಹಳ್ಳಿ ಮುದುಕಿ ಬಿಳಿ ರುಮಾಲು ಸುತ್ಕೊಂಡು ಬಂದ್ರೆ ಜನ ಕಣ್ಣೊರೆಸ್ಕೋತಾರೆ. ಅಜ್ಜಿ ಬಂದರು, ಕಜಾಲಿಯಿಂದ ಒಂದೂವರೆ ದಿನದ ರೈಲು. ಬಂದು ನೋಡಿದರೆ ಟೀವಿಯವರು ತಂದಿದ್ದು ಕೆಂಪು ಸ್ಯಾಟಿನ್ ಪಟ್ಟಿ, ಜೊತೆಗೊಂದು ಕತ್ತರಿ — ಏನಪ್ಪಾ ಇದು, ಅಂಗಡಿ ಓಪನಿಂಗಾ? ಹುಡುಗೀರ ಕಾಲಾ ಬಾಗಿಲಾ? — ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ, ರೈಲಿನಲ್ಲಿ ಕೂತು ಹೊಸೆದ ಹುರಿಯನ್ನು ಚೀಲದಿಂದ ತೆಗೆದರು, ಕರಿಕುರಿಯ ಒಂದೆಳೆ, ಬಿಳಿಕುರಿಯ ಒಂದೆಳೆ. ಎರಡು ಬಣ್ಣ ಏಕೆಂದು ಕುರಲಾಯ್‌ಗೆ ಯಾರೂ ಹೇಳಬೇಕಿಲ್ಲ. ಮಗು ದೊಡ್ಡದಾಗಿ ಇನ್ನೊಬ್ಬರ ಸೊತ್ತಿಗೆ ಕೈ ಹಾಕದಿರಲಿ ಎಂದು.

ನೋಡಬಾರದು, ಮೂರನೇ ಸಾಲಿನ ಕಡೆ ನೋಡಬಾರದು, ಬಾಲ್ಕನಿ ನೋಡು, ಗಡಿಯಾರ ನೋಡು, ಹನ್ನೆರಡೂ ಹತ್ತು, ಭಾನುವಾರ, ಊರಿನವರೆಲ್ಲ ಟೀವಿ ಮುಂದೆ ಬೆಷ್‌ಬರ್ಮಾಕ್ ತಟ್ಟೆ ಇಟ್ಟುಕೊಂಡು — ನೋಡಿಬಿಟ್ಟಳು. ಕಂದು ಕೋಟು, ಮಡಿಲಲ್ಲಿ ಕಾಗದ ಸುತ್ತಿದ ಹೂವು, ಪಕ್ಕದಲ್ಲಿ ಅವಳ ಚಿಕ್ಕಮ್ಮ. ಪೆರಿಜಾತ್. ಯಾರೂ ಕರೆದಿರಲಿಲ್ಲ, ತಾನೇ ಟಿಕೆಟ್ ತೆಗೆದುಕೊಂಡು ತಾಲ್ದಿಕೊರ್ಗಾನ್‌ನಿಂದ ಬಸ್ಸಿನಲ್ಲಿ ಬಂದಿದ್ದಾಳೆ, ಗೆಳತಿಯ ಮೊದಲ ಆಲ್ಬಮ್ ಅಲ್ಲವೇ. ಹತ್ತು ನಿಮಿಷದ ಹಿಂದೆ ಪರದೆಯ ಸಂದಿಯಿಂದಲೇ ಕಂಡಿದ್ದಳು. ಅವಳು ತುಟಿ ಒಳಗೆಳೆದು ಒತ್ತಿಕೊಂಡು ಕೂತಿದ್ದಾಳೆ, ಕಡುಬಿನ ಬಾಯಿ ಒತ್ತಿ ಮುಚ್ಚುವ ಹಾಗೆ. ಹಾಡುವ ಮುಂಚೆ ಹೀಗೇ ಮಾಡುತ್ತಿದ್ದಳು, ಬೇರೆಯವರು ಹಾಡುವಾಗಲೂ ಹೀಗೇ, ಅವರು ತಪ್ಪದಿರಲಿ ಎಂದು ತನ್ನ ಉಸಿರು ಹಿಡಿದುಕೊಂಡು. ಹನ್ನೊಂದು ವಾರದ ಟೀವಿ ಸ್ಪರ್ಧೆಯಲ್ಲಿ ಅವಳದೂ ಇವಳದೂ ಒಂದೇ ಕೋಣೆ, ಒಂದೇ ಕನ್ನಡಿ, ಒಂದೇ ಹೇರ್‌ಡ್ರೈಯರ್, ಯಾರಾದ್ರೂ ಒಬ್ಳು ಗೆದ್ರೂ ಇನ್ನೊಬ್ಳು ಅಳಬಾರ್ದು ಆಯ್ತಾ ಎಂದವಳು ಅವಳೇ. ಕೊನೆಯ ವಾರ ಐವರು, ಬೇಕಾದವರು ನಾಲ್ವರು, ಎಸ್ಸೆಮ್ಮೆಸ್ ವೋಟು ನೂರ ಹನ್ನೆರಡು ಕಡಿಮೆ ಬಿತ್ತು ಅವಳಿಗೆ, ಅವಳು ಅಳಲಿಲ್ಲ, ಅತ್ತಿದ್ದು ಕುರಲಾಯ್ — ಖುಷಿಗೆ ಅತ್ತದ್ದು, ಸುಳ್ಳು ಹೇಳುವುದೇಕೆ — ಪೆರಿಜಾತ್ ಅವಳ ಮೂಗು ಒರೆಸಿ, ಸಾಕು ಬಿಡೇ, ಕಣ್ಣುಕಪ್ಪು ಹರಿದು ದೆವ್ವದ ಥರ ಕಾಣ್ತೀಯ ಎಂದಳು. ನಾಲ್ವರಿಗೆ ಕೋಕ್ ಮೊಂಶಕ್ ಎಂದು ಹೆಸರಿಟ್ಟರು, ನೀಲಿಮಣಿ, ದೃಷ್ಟಿ ತಾಗದಿರಲಿ ಎಂದು ಮಕ್ಕಳಿಗೆ ಕಟ್ಟುತ್ತಾರಲ್ಲ ಅದು. ದೃಷ್ಟಿ ತಾಗಿತೋ ಗಾಳಿ ತಾಗಿತೋ, ನೌರುಜ್ ಹಬ್ಬಕ್ಕೆ ಅಸ್ತಾನಾದ ಚಳಿ ಕೊರೆಯುವ ಬಯಲಿನಲ್ಲಿ ಬರಿ ಕುತ್ತಿಗೆಯಲ್ಲಿ ಮೂರು ದಿನ ಹಾಡಿಸಿದರು, ನಾಲ್ಕನೆಯ ದಿನ ಕುರಲಾಯ್ ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

ನಲವತ್ತು ದಿನ ಮಾತಾಡಬೇಡ, ಪಿಸುಮಾತೂ ಬೇಡ ಎಂದರು ಗಂಟಲ ಡಾಕ್ಟರು, ಸಾಬಿತ್ ಅಗಾ ಕ್ಯಾಲೆಂಡರ್ ನೋಡಿ ತಲೆ ಚಚ್ಚಿಕೊಂಡರು, ಸ್ಟುಡಿಯೋ ಬುಕ್ಕಾಗಿದೆ, ತಾರೀಖು ಟೀವಿಯಲ್ಲಿ ಹೇಳಿಯಾಗಿದೆ, ಒಂಬತ್ತು ಹಾಡಿನಲ್ಲಿ ಏಳಕ್ಕೆ ಇವಳೇ ಮುಖ್ಯ ಗಾಯಕಿ — ಆ ಐದನೆಯವಳನ್ನ ಕರೀರಿ, ದಾರಿಗೆ ಅಂತ ಹಾಡಿಟ್ಟು ಹೋಗ್ಲಿ, ಇವಳ ಗಂಟಲು ಸರಿಹೋದ್ಮೇಲೆ ಅದರ ಮೇಲೆ ಇವಳು ಹಾಡ್ತಾಳೆ. ಪೆರಿಜಾತ್ ಬಂದಳು, ಗಂಟಲಿಗೆಂದು ಕುರಿಬಾಲದ ಕೊಬ್ಬು ತಂದಳು, ಬಿಸಿಹಾಲಿಗೆ ಹಾಕಿ ಮೂಗು ಹಿಡಿದು ಕುಡಿಸಿದಳು, ಎರಡೇ ದಿನದಲ್ಲಿ ಏಳೂ ಹಾಡಿ ಮುಗಿಸಿದಳು, ಗಾಜಿನ ಆಚೆ ಅವಳು, ಈಚೆ ಕುರಲಾಯ್. ಪೆರಿಜಾತ್ ತುಟಿ ಒತ್ತಿ ಮುಚ್ಚಿ ನಿಲ್ಲುತ್ತಿದ್ದಳು, ಎಣಿಕೆ ಮುಗಿದು ಆ ಬಾಯಿ ತೆರೆಯುತ್ತಿದ್ದ ಹಾಗೆ ಧ್ವನಿ ಮುದ್ರಿಸುವವನು ಕಾಫಿ ಲೋಟ ಕೆಳಗಿಟ್ಟ, ಆಮೇಲೆ ಮುಟ್ಟಲೇ ಇಲ್ಲ, ಸಾಬಿತ್ ಅಗಾ ಮುಖದ ಮೇಲೆ ಏನೋ ಲೆಕ್ಕ ಓಡಿತು, ಕುರಲಾಯ್ ನೋಡಿದಳು, ನೋಡಿದ್ದು ಅರ್ಥವೂ ಆಯಿತು, ಆಗಲಿಲ್ಲ ಎನ್ನಬೇಡ ಕಳ್ಳಿ. ಹೊರಡುವಾಗ ಪೆರಿಜಾತ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದಳಲ್ಲ, ನೀನು ಹಾಡಿದ್ಮೇಲೆ ನನ್ನದನ್ನ ಅಳಿಸ್ತಾರೆ ತಾನೆ, ಎಲ್ಲೂ ಬಿಡಲ್ಲ ತಾನೆ, ಮುಂದಿನ ವರ್ಷ ನನ್ನದೇ ಅಂತ ಒಂದು ಮಾಡ್ಬೇಕು ಕಣೇ, ಜನ ನನ್ನ ದನೀನ ಅಲ್ಲೇ ಮೊದಲು ಕೇಳ್ಬೇಕು. ಕುರಲಾಯ್ ಮಾತಾಡುವ ಹಾಗಿರಲಿಲ್ಲ, ಕೊರಳಿಗೆ ಪುಟ್ಟ ನೋಟ್‌ಬುಕ್ ನೇತುಹಾಕಿಕೊಂಡಿದ್ದಳು, ಅದರಲ್ಲಿ ಬರೆದಳು — ಅಳಿಸ್ತಾರೆ. ಅಡಿಗೆರೆ ಕೂಡ ಹಾಕಿದಳು. ಪೆರಿಜಾತ್ ಆ ಹಾಳೆ ಹರಿದು ಜೇಬಿಗಿಟ್ಟುಕೊಂಡಳು, ನಿನ್ನ ಅಕ್ಷರ ಗುಬ್ಬಿ ಗೀಚಿದ ಹಾಗಿದೆ, ನೆನಪಿಗಿರಲಿ ಎಂದು ನಗುತ್ತ.

ನಲವತ್ತು ದಿನ ಕಳೆದು ಕುರಲಾಯ್‌ಗೆ ಧ್ವನಿ ಬಂತು, ಬರಲಿಲ್ಲ ಎಂದಲ್ಲ, ತೆಳ್ಳಗೆ ಬಂತು, ಒಂದು ಹಾಡು ಹಾಡಿದಳು, ಸಾಬಿತ್ ಅಗಾ ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿಸಿದರು, ನೀನೇ ಹೇಳು ಮಗಳೇ, ಯಾವುದು ಇಡಲಿ? ಜನ ವೋಟು ಹಾಕಿದ್ದು ನಿನ್ನ ಮುಖಕ್ಕೆ, ಅದು ನಿನ್ನ ಹತ್ರಾನೇ ಇದೆಯಲ್ಲ. ತೊಗ್ಜಾನ್ ಅಂತೂ, ಯಾವ ಗ್ರೂಪಲ್ಲಿ ಇದು ನಡೆಯಲ್ಲ ಹೇಳು, ಅವಳಿಗೆ ಆಮೇಲೆ ಏನಾದ್ರೂ ಕೊಟ್ಟು ಸಮಾಧಾನ ಮಾಡಿದ್ರಾಯ್ತು. ಆಮೇಲೆ, ಆಮೇಲೆ — ಒಂದು ಹಾಡನ್ನೂ ರೇಡಿಯೋಗೆ ಕೊಡಲಿಲ್ಲ, ಟೀವಿಯಲ್ಲಿ ಹುಟ್ಟಿದ್ದನ್ನು ಟೀವಿಯಲ್ಲೇ ಮೊದಲು ಕೇಳಬೇಕೆಂದು, ಹಾಗಾಗಿ ತನ್ನ ದನಿಯನ್ನೇ ಉಳಿಸಿಕೊಂಡರೆಂದು ಪೆರಿಜಾತ್‌ಗೆ ಇನ್ನೂ ಗೊತ್ತಿಲ್ಲ, ಇನ್ನು ಐದು ನಿಮಿಷಕ್ಕೆ ಗೊತ್ತಾಗುತ್ತದೆ, ಹೂವು ಹಿಡಿದುಕೊಂಡು ಕೂತಿದ್ದಾಳಲ್ಲ ಹಾಗೇ ಗೊತ್ತಾಗುತ್ತದೆ. ಹೂಂ ಎಂದವಳು ತಾನೇ. ಹೂಂ ಎಂದಾಗ ಹಗುರವಾಯಿತು ಕೂಡ, ಅದೇ ನಾಚಿಕೆ, ಕನ್ನಡಿಯ ಮುಂದೆ ಆ ಧ್ವನಿಗೆ ತುಟಿ ಕೂಡಿಸಿ ಕೂಡಿಸಿ ಒಂದು ದಿನ ನಂಬಿಯೇ ಬಿಟ್ಟಿದ್ದಳು ತನ್ನದೆಂದು. ಇವತ್ತು ಬೆಳಿಗ್ಗೆ ಹೋಟೆಲಿನಲ್ಲಿ ಅಜ್ಜಿಗೆ ಡಿಸ್ಕು ಹಾಕಿ ಕೊಟ್ಟಳು, ಅಜ್ಜಿ ರುಮಾಲು ಸರಿಸಿ ಹೆಡ್‌ಫೋನ್ ಇಟ್ಟುಕೊಂಡರು, ಕಣ್ಣು ಮುಚ್ಚಿ ಪೂರ್ತಿ ಒಂದು ಹಾಡು ಕೇಳಿದರು — ಈ ಹುಡುಗಿ ಚೆನ್ನಾಗಿ ಹಾಡ್ತಾಳೆ, ಯಾರ ಮಗಳು? ತೊಟ್ಟಿಲಲ್ಲಿದ್ದಾಗಿನಿಂದ ಇವಳ ಗಂಟಲು ಬಲ್ಲವರು. ನಾನೇ ಅಜ್ಜಿ, ನನ್ನ ಹಾಡೇ ಅದು. ಅಜ್ಜಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು, ಹೌದಾ, ಎಂದರು, ಟೀ ಆರ್ತಾ ಇದೆ ಕುಡಿ ಎಂದರು.

ಈಗ ಅಜ್ಜಿ ಬರುತ್ತಿದ್ದಾರೆ, ಚಪ್ಪಾಳೆ, ನಿರೂಪಕ ಮೈಕಿನಲ್ಲಿ ಏನೋ ಹೇಳುತ್ತಿದ್ದಾನೆ, ಹುರಿ ಕತ್ತರಿಸಿದವರ ನಡೆಯೇ ಮಗುವಿಗೆ ಬರುತ್ತದಂತೆ, ಈ ಅಜ್ಜಿಯ ನಡೆ ನಮ್ಮ ಹುಡುಗಿಯರಿಗೆ ಬರಲಿ, ಚಪ್ಪಾಳೆ. ಅಜ್ಜಿ ತಮ್ಮ ಚಾಕುವಿನಲ್ಲೇ ತೊಗ್ಜಾನ್‌ದು ಕತ್ತರಿಸಿದರು, ಇನ್ನಿಬ್ಬರದು, ಕೊನೆಗೆ ಇವಳ ಮುಂದೆ ಬಂದು ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತರು, ಚಾಕುವಿನ ತಣ್ಣನೆ ಬೆನ್ನು ಹರಡಿಗೆ ತಾಗಿತು, ಕತ್ತರಿಸಲಿಲ್ಲ. ಗಂಟು ಬಿಗಿ ನೋಡುವವರ ಹಾಗೆ ಬೆರಳಾಡಿಸುತ್ತ, ತಲೆ ಎತ್ತದೆ, ಇವಳಿಗೆ ಮಾತ್ರ ಕೇಳುವಷ್ಟು — ಆ ಹುಡುಗಿ ಬಂದಿದ್ದಾಳಾ? ಯಾವ ಹುಡುಗಿ ಅಜ್ಜಿ ಎನ್ನಬಹುದಿತ್ತು, ಹಲ್ಲು ಕಾಣಿಸಿಕೊಂಡೇ ಎನ್ನಬಹುದಿತ್ತು — ಮೂರನೇ ಸಾಲು. ಅವಳಿಗೆ ಗೊತ್ತಾ? ಇಲ್ಲ. ಅಜ್ಜಿ ಬೈಯಲಿಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಚಾಕು ಎಳೆದರು, ಹುರಿ ಎರಡಾಗಿ ಬಿತ್ತು, ಇವಳ ಮೊಣಕಾಲು ಹಿಡಿದೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, ನಡಿ ಕಂದಾ, ಎಂದರು. ಜನ ಎದ್ದು ನಿಂತು ಶುಭಕ್ಕೆಂದು ಮಿಠಾಯಿ ಎರಚಿದರು, ಒಂದು ಹಣೆಗೆ ತಾಗಿತು, ಮೂರನೇ ಸಾಲಿನಲ್ಲಿ ಪೆರಿಜಾತ್ ಹೂವಿನ ಕಟ್ಟನ್ನು ತಲೆಯ ಮೇಲೆತ್ತಿ ಆಡಿಸುತ್ತಿದ್ದಾಳೆ, ನಾನಿಲ್ಲಿದ್ದೀನಿ, ಇಲ್ಲಿ ನೋಡೇ.

ಡೊಂಬ್ರಾದ ತಂತಿ ಮಿಡಿಯಿತು, ನಾಲ್ಕು ಎಣಿಕೆ, ಕಾಲು ತಾನಾಗಿಯೇ ಮುಂದೆ ಬಂತು, ಮೈಕು ತುಟಿಗೆ ಬಂತು, ಸತ್ತ ಮೈಕು, ಅದರ ಗುಂಡಿಗೆ ಟೇಪು ಅಂಟಿಸಿದ್ದಾರೆ, ಮೊದಲ ಸಾಲಿಗೆ ಬಾಯಿ ಸರಿಯಾಗಿ ಕೂಡಿತು, ಅಭ್ಯಾಸ, ಕನ್ನಡಿ ಕಲಿಸಿದ ಅಭ್ಯಾಸ. ಎರಡನೆಯ ಸಾಲು. ಹೂವಿನ ಕಟ್ಟು ಗಾಳಿಯಲ್ಲೇ ನಿಂತಿತು. ಚಿಕ್ಕಮ್ಮ ಬಗ್ಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ, ನಿನ್ನ ದನಿ ಇದ್ದ ಹಾಗೇ ಇದೆಯಲ್ಲೇ ಎನ್ನುತ್ತಿರಬೇಕು, ಮುಖವೆಲ್ಲ ಖುಷಿ ಆ ಹೆಂಗಸಿಗೆ. ಪೆರಿಜಾತ್ ಅವಳ ಕಡೆ ತಿರುಗಲಿಲ್ಲ, ಹೂವು ಇಳಿಸಿದಳು, ಇವಳನ್ನೇ ನೋಡಿದಳು, ತುಟಿ ಒಳಗೆಳೆದು ಒತ್ತಿ ಮುಚ್ಚಿದಳು. ಕುರಲಾಯ್‌ಳ ಬಾಯಿ ಅಲ್ಲಿಗೇ ನಿಂತಿತು — ಆಡಿಸು, ಇನ್ನು ಮೂರೇ ನಿಮಿಷ, ಆಮೇಲೆ ಕಾಲು ಹಿಡಿದುಕೊಳ್ಳೋಣ, ಆಮೇಲೆ, ಇಲ್ಲ, ಆಮೇಲೆ ಎನ್ನುವುದು ಇನ್ನಿಲ್ಲ — ಕೈ ಇಳಿಯುತ್ತಿದೆ, ಮೈಕು ಗಲ್ಲದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ, ತೊಡೆಯ ಪಕ್ಕಕ್ಕೆ ಬಂದು ನೇತಾಡಿತು, ಧ್ವನಿ ಮಾತ್ರ ಇಳಿಯಲಿಲ್ಲ, ಹಾಡು ಹಾಡುತ್ತಲೇ ಇದೆ, ಸಭಾಂಗಣದ ಮೂಲೆಮೂಲೆಗೂ ಚೆನ್ನಾಗಿ ಕೇಳುತ್ತಿದೆ. ತೊಗ್ಜಾನ್ ಸೊಂಟ ಚಿವುಟಿದಳು, ಬಾಯಿ, ಬಾಯಿ ಆಡಿಸೇ, ಪಕ್ಕದ ಪರದೆಯ ಹಿಂದೆ ಸಾಬಿತ್ ಅಗಾ ಎರಡೂ ಕೈ ಎತ್ತಿ ಬಡಿದಾಡುತ್ತಿದ್ದಾರೆ, ಕೆಂಪು ದೀಪ ಉರಿಯುತ್ತಿದೆ, ಮೊದಲ ಸಾಲಿನಲ್ಲಿ ಯಾರೋ ನಕ್ಕರು, ಹಿಂದೆ ಯಾರೋ ಸಿಳ್ಳೆ ಹಾಕಿದರು, ತಾಳ ಹಾಕುತ್ತಿದ್ದ ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು, ಹಾಡುವವರು ಯಾರು ಎಂದು ತಲೆಗಳು ಅತ್ತಿತ್ತ ತಿರುಗುತ್ತಿವೆ. ಧ್ವನಿ ಮೇಲಿನ ಸ್ವರಕ್ಕೆ ಹತ್ತಿತು, ಹತ್ತಿ ಅಲ್ಲೇ ನಿಂತು ತೂಗಿತು, ಆ ಸ್ವರಕ್ಕೆ ತಕ್ಕ ತೆರೆದ ಬಾಯಿ ಇಡೀ ಸಭೆಯಲ್ಲಿ ಒಂದೂ ಇಲ್ಲ, ಇಲ್ಲಿ ಇವಳದು ಮುಚ್ಚಿದೆ, ಅಲ್ಲಿ ಮೂರನೇ ಸಾಲಿನಲ್ಲಿ — ತೆರೆ, ಪೆರಿಜಾತ್, ಬೈಯೇ, ಉಗಿ, ಎದ್ದು ನನ್ನದು ಅನ್ನು, ಏನಾದರೂ ಅನ್ನು — ಒತ್ತಿ ಮುಚ್ಚಿದ ಬಾಯಿ, ಬೆಳ್ಳಗಾದ ತುಟಿ, ಮುಚ್ಚಿದ ಬಾಯಿ.