ಬಾಲದ ಹುಚ್ಚು ತಿರುವು

ನಮ್ಮೂರಿನ ಹೆದ್ದಾರಿಗೆ ಒಂದು ಬಾಲ ಇದೆ. ಕಾಗದಪತ್ರದಲ್ಲಿ ಅದಕ್ಕೆ ಏನೋ ನಂಬರು, ಹೆಸರು ಎಲ್ಲ ಇದೆಯಂತೆ. ಜನರ ಬಾಯಲ್ಲಿ ಮಾತ್ರ ಅದು ಬಾಲವೇ. ಹೆದ್ದಾರಿಯಿಂದ ಕವಲೊಡೆದು ಊರೊಳಗೆ ನುಗ್ಗಿ, ಕಂಬಗಳ ಮೇಲೆ ಎರಡೂಮುಕ್ಕಾಲು ಕಿಲೋಮೀಟರ್ ಓಡಿ, ಇನ್ನು ನನ್ನ ಕೈಲಾಗಲ್ಲ ಅಂತ ನಿಂತುಬಿಡುತ್ತೆ. ನಾನು ಹನ್ನೊಂದು ವರ್ಷದಿಂದ ದಿನಕ್ಕೆ ಹದಿನಾಲ್ಕು ಸಲ ಅದರ ಮೇಲೆ ಸಿಟಿ ಬಸ್ಸು ಓಡಿಸ್ತಿದೀನಿ. ಹಾಗಾಗಿ ಬಾಲದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಮೊದಲು ಏರು. ರೈಲು ಹಳಿ ದಾಟಬೇಕು. ಆಮೇಲೆ ಎಡಕ್ಕೆ ಲಾಂಡ್ರಿಯ ಹಬೆ ಕೊಳವೆ. ಬೆಳಗಿನ ಚಳಿಯಲ್ಲಿ ಅದರ ಹಬೆ ನನ್ನ ಗಾಜಿಗೆಲ್ಲ ಕವಿಯುತ್ತೆ. ಬಲಕ್ಕೆ ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿ, ಸರಿಯಾಗಿ ಬಸ್ಸಿನ ಕಿಟಕಿಯ ಎತ್ತರಕ್ಕೆ. ಬಾಯಿ ಆ ಅಂತ ತೆರೆದುಕೊಂಡು ಮಲಗಿದವರನ್ನ ನೋಡಿ ನನ್ನ ಬಸ್ಸಿನವರೂ ಬಾಯಿ ತೆರೀತಾರೆ. ಕೊನೆಗೆ ಇಳಿಜಾರು, ಸಿಗ್ನಲ್ಲು, ಅದರ ಎದುರಿಗೇ ಹಾಸಿಗೆ ಅಂಗಡಿ. "ಬ್ರೇಕ್ ಹಿಡೀದಿದ್ರೆ ಯೋಚನೆ ಮಾಡ್ಬೇಡಿ, ಸೀದಾ ಒಳಗೆ ಬನ್ನಿ, ಹಾಸಿಗೆ ಹಾಸೇ ಇರುತ್ತೆ" ಅಂತಾರೆ ಅಂಗಡಿಯವರು. ಬಾಲವನ್ನ ಹನ್ನೊಂದು ಕಿಲೋಮೀಟರ್ ಬೆಳೆಸಿ ಬಂದರಿನ ತನಕ ಒಯ್ಯೋ ಲೆಕ್ಕಾಚಾರ ಇತ್ತಂತೆ. ಸರ್ಕಾರ ಬದಲಾಯ್ತು, ಆಸೆ ಬತ್ತಿಹೋಯ್ತು. ಅಂಗಡಿಯ ಹಿಂದೆ ತಲೆಮೇಲೆ ಏನೂ ಇಲ್ಲದ ಎರಡು ಕಂಬ ಇವತ್ತಿಗೂ ನಿಂತಿವೆ. ಕಾಗೆಗಳಿಗೆ ಬಿಟ್ಟರೆ ಅವು ಯಾರ ಉಪಯೋಗಕ್ಕೂ ಬಂದಿಲ್ಲ.

ಇಷ್ಟರ ನಡುವೆ, ಆಸ್ಪತ್ರೆ ದಾಟಿದ ಮೇಲೆ, ಹುಚ್ಚು ತಿರುವು. ನೆಟ್ಟಗೆ ಹೋಗ್ತಿದ್ದ ರಸ್ತೆ ಇದ್ದಕ್ಕಿದ್ದ ಹಾಗೆ ಬಲಕ್ಕೆ ಹಾರುತ್ತೆ. ಸ್ಟೀರಿಂಗ್ ತಿರುಗಿಸಿ ಉಸಿರು ಬಿಡೋದರೊಳಗೆ ಮತ್ತೆ ಎಡಕ್ಕೆ. ನಲವತ್ತರ ಮೇಲೆ ಹೋಗಬೇಡಿ ಅಂತ ಬೋರ್ಡಿದೆ, ಪುಣ್ಯಕ್ಕೆ ಇಲ್ಲೀತನಕ ಯಾರ ಜೀವಕ್ಕೂ ಏನೂ ಆಗಿಲ್ಲ. ಹೋಗೋದು ಕಾರಿನ ಚಕ್ರದ ಮುಚ್ಚಳ ಮಾತ್ರ. ಅದು ಕಳಚಿ, ಉರುಳಿ, ಗೋಡೆ ಹಾರಿ ಬೀಳೋದು ನಮ್ಮನೆ ಹಿತ್ತಲಿಗೆ. ಅಮ್ಮ ಅವನ್ನ ತೊಳೆದು, ಗೋಡೆಗೆ ಮೊಳೆ ಹೊಡೆದು, ಸಣ್ಣದರಿಂದ ದೊಡ್ಡದರ ತನಕ ಸಾಲಾಗಿ ನೇತುಹಾಕ್ತಾಳೆ. ಕಳಕೊಂಡವರು ರಸ್ತೆಗೆ ಶಾಪ ಹಾಕ್ತಾ ಬಂದು ಬಾಗಿಲು ಬಡೀತಾರೆ.

ಅಮ್ಮ ಹೊಲಿಗೆಯವಳು. ಮುಂದಿನ ಕೋಣೆಯಲ್ಲೇ ಮಿಷನ್ನು. ಬಂದವರ ಶಾಪ ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಅವಳು ಹೇಳೋದು ಒಂದೇ ಮಾತು.

"ಆ ತಿರುವು ಹಾಕಿದ್ದು ನಮ್ಮನೆಯವರು. ನಮ್ಮಪ್ಪನ ಮನೆ ಉಳಿಸೋಕೆ ಸರ್ಕಾರದ ರಸ್ತೆನೇ ಬಗ್ಗಿಸಿಬಿಟ್ರು."

ನಾನು ಹುಟ್ಟಿದಾಗಿನಿಂದ ಕೇಳ್ತಾ ಬಂದ ಕತೆ ಇದು. ಈಗ ನಾವಿರೋ ಆ ಮನೆ ನನ್ನ ತಾತನದು. ತಾತ ಬೀಗ ರಿಪೇರಿ ಮಾಡ್ತಿದ್ದೋರು. ಮೂವತ್ತೆಂಟು ವರ್ಷದ ಹಿಂದೆ ರಸ್ತೆ ಇಲಾಖೆಯವರು ಬಂದು, ಈ ಮನೆ ಹೋಗುತ್ತೆ ಅಂತ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕಿದ್ರು. ನಮ್ಮಪ್ಪ ಆಗ ಇಲಾಖೆಯ ನಕ್ಷೆ ಬರೆಯೋನು. ಕೊನೇ ನಕ್ಷೆ ಹೊರಬಿದ್ದಾಗ ರಸ್ತೆ ಮನೆಯನ್ನ ಸುತ್ತು ಹಾಕ್ಕೊಂಡು ಹೋಗಿತ್ತು. ಮನೆ ಬದಲು ಇಲಾಖೆಯದೇ ಒಂದು ಖಾಲಿ ಗೋದಾಮು ಹೋಯ್ತು. ಮಣ್ಣು ಮೆತ್ತಗಿದೆ ಅಂತ ಇಲಾಖೆ ಹೇಳ್ತು. ಅಮ್ಮ ನಂಬಲಿಲ್ಲ. ಆರು ತಿಂಗಳಿಗೆ ಮದುವೆ.

"ರಸ್ತೆನೇ ಬಗ್ಗಿಸಿದೋನು ನನ್ನ ಮಾತಿಗೆ ಬಗ್ಗದೇ ಇರ್ತಾನಾ ಅಂತ ಧೈರ್ಯ ಮಾಡಿದೆ" ಅಂತ ಅಮ್ಮ ನಗ್ತಾಳೆ. ಅಪ್ಪ ಆಗೆಲ್ಲ ಏನೋ ಹುಡುಕೋ ನೆಪ ಮಾಡ್ಕೊಂಡು ಒಳಗೆ ಹೋಗ್ತಿದ್ದ. ನನ್ನ ಬಸ್ಸಿನಲ್ಲಿ ಬಂದರೂ ಅಷ್ಟೆ, ತಿರುವು ಬಂತು ಅಂದ್ರೆ ಬಗ್ಗಿ ಚಪ್ಪಲಿ ಸರಿಮಾಡ್ಕೊಳ್ಳೋದು. ನಾಚಿಕೆ ಪಾಪ ಅಂತ ನಾನು ಅಂದ್ಕೊಂಡಿದ್ದೆ.

ಈ ವರ್ಷ ಬಾಲವನ್ನ ಕೆಡವೋದು ಅಂತ ತೀರ್ಮಾನ ಆಯ್ತು. ಅದರ ಜಾಗದಲ್ಲಿ ಮರ ಗಿಡ ಇರೋ ಮಾಮೂಲಿ ರಸ್ತೆ ಬರುತ್ತಂತೆ. ಕೆಡವೋ ಮುಂಚೆ ಇಲಾಖೆಯವರು ತಮ್ಮ ಕಚೇರಿಯಲ್ಲಿ ಹಳೇ ಫೋಟೋ, ನಕ್ಷೆ ಎಲ್ಲ ಪ್ರದರ್ಶನಕ್ಕೆ ಇಟ್ರು. ನಿವೃತ್ತರಾದವರಿಗೆಲ್ಲ ಕುಟುಂಬ ಸಮೇತ ಬನ್ನಿ ಅಂತ ಪತ್ರ ಬಂತು.

ಮಾರನೇ ದಿನ ಅಪ್ಪ ನನ್ನ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲೇ ಕೂತ. ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದ್ರು, ಅವನು ಇಳೀಲಿಲ್ಲ.

"ಪುಟ್ಟಿ, ಅಮ್ಮನ್ನ ಆ ಪ್ರದರ್ಶನಕ್ಕೆ ಕರ್ಕೊಂಡು ಹೋಗ್ಬೇಡ."

"ಅಯ್ಯೋ, ಯಾಕಪ್ಪ? ನಿನಗೆ ಅಂತ ಹೊಸ ಶರ್ಟು ಹೊಲೀತಾ ಕೂತಿದಾಳೆ."

"ನಾನು ರಸ್ತೆ ಬಗ್ಗಿಸಲಿಲ್ಲ ಕಣೇ." ಅವನು ಬೆರಳಿಂದ ಸೀಟಿನ ಮೇಲೆ ಒಂದು ಬಾಗು ಗೆರೆ ಎಳೆದ. "ಬಾಗು ಗೆರೆ ಎಳೆಯೋಕೆ ಪ್ಲಾಸ್ಟಿಕ್ ಪಟ್ಟಿ ಇರುತ್ತೆ. ಅದನ್ನ ಮಗುಚಿ ಇಟ್ಟುಬಿಟ್ಟೆ. ಎಡಕ್ಕೆ ನಿಧಾನವಾಗಿ ಬಾಗಬೇಕಾದ್ದು ಬಲಕ್ಕೆ ಹೋಯ್ತು. ಮುಂದೆ ಸಿಗ್ನಲ್ಲಿಗೆ ತಂದು ಸೇರಿಸ್ಬೇಕಲ್ಲ, ಮತ್ತೆ ಎಡಕ್ಕೆ ಎಳೆದೆ. ಮನೆ ಉಳೀತು. ಮನೆಗೋಸ್ಕರ ಅಲ್ಲ, ಬರೀ ತಪ್ಪು. ನಮ್ಮ ದೊಡ್ಡ ಸಾಹೇಬ್ರು ಅದೇ ನಕ್ಷೆ ಮೇಲೆ ಕೆಂಪು ಪೆನ್ಸಿಲ್ಲಲ್ಲಿ ಬರೆದಿದಾರೆ, ಪಟ್ಟಿ ಮಗುಚಿದೆ ಅಂತ. ಅದನ್ನ ಈಗ ಗಾಜಿನೊಳಗೆ ಇಡ್ತಾರೆ."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಡಿಪೋದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. "ಮೂವತ್ತೆಂಟು ವರ್ಷ! ಬಂದೋರಿಗೆಲ್ಲ ಅವಳು ಕತೆ ಹೇಳ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲಪ್ಪ!" ಅಂತ ಕೂಗಾಡಿದೆ. ಅವನು ತಲೆ ತಗ್ಗಿಸಿದ. ಹೊರಡೋ ಹೊತ್ತಾಯ್ತು ಅಂತ ಕಂಡಕ್ಟರ್ ಸೀಟಿ ಊದಿದ. ಆ ಕೋಪದಲ್ಲಿ ಅಪ್ಪನನ್ನ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆ ನನಗೆ ಹೊಳೀಲೇ ಇಲ್ಲ.

ಹೆದರಿಕೆ ನನಗೂ ಇತ್ತು. ಅಮ್ಮ ಏನು ಬೇಕಾದ್ರೂ ಹೊಟ್ಟೆಗೆ ಹಾಕ್ಕೊಳ್ತಾಳೆ, ಸುಳ್ಳೊಂದನ್ನ ಬಿಟ್ಟು. ಹಳೇ ಪರದೆಯನ್ನ ಹೊಸದು ಅಂತ ಹೇಳಿ ಕೊಟ್ಟಿದ್ದಕ್ಕೆ ಸ್ವಂತ ಅಕ್ಕನ ಹತ್ರ, ನಮ್ಮ ದೊಡ್ಡಮ್ಮನ ಹತ್ರ, ಮೂರು ವರ್ಷ ಮಾತು ಬಿಟ್ಟವಳು. ಈಗ ಇದು ಅವಳ ಮದುವೆಯ ಬುಡಕ್ಕೇ ಬರೋ ಸುಳ್ಳು.

ಅವಳನ್ನ ತಡೆಯೋಕೆ ಆಗುತ್ತಾ? ಹೊಟ್ಟೆನೋವು ಅಂತ ಅಪ್ಪ ಮಲಗಿದ. ಬಿಸಿನೀರು ಕೊಟ್ಟು ಎಬ್ಬಿಸಿದಳು. ನನಗೆ ಡ್ಯೂಟಿ ಇದೆ ಅಂದೆ. ಮಧ್ಯಾಹ್ನ ಎರಡಕ್ಕೆ ತಾನೇ, ಹನ್ನೊಂದಕ್ಕೇ ಹೋಗೋಣ ಅಂದಳು. ಹೊಸ ಶರ್ಟು ತೊಡಿಸಿ, ಕಾಲರ್ ಎಳೆದು, "ಎದೆ ಸೆಟೆಸಿ ನಡೀರಿ. ಇವತ್ತು ನಿಮ್ಮ ದಿನ" ಅಂದಳು. ಅಪ್ಪ ನನ್ನ ಮುಖ ನೋಡಿದ.

ಕಚೇರಿಯ ಮುಂದಿನ ಹಾಲಿನಲ್ಲಿ ಉದ್ದಕ್ಕೆ ಮೇಜುಗಳು. ಹೆಲ್ಮೆಟ್ ಹಾಕಿದವರ ಫೋಟೋಗಳು, ತುಕ್ಕು ಹಿಡಿದ ಸರಪಳಿ, ಬಂದರಿನ ತನಕ ಬಾಲ ಬೆಳೆದಿರೋ ಬಣ್ಣದ ಚಿತ್ರ. ಅಮ್ಮ ಯಾವುದರ ಮುಂದೆಯೂ ನಿಲ್ಲಲಿಲ್ಲ. ಸೀದಾ ಕೊನೇ ಮೇಜಿಗೆ ಹೋಗಿ ಕನ್ನಡಕ ಹಾಕ್ಕೊಂಡಳು. ಗಾಜಿನ ಕೆಳಗೆ ನಕ್ಷೆ ಇತ್ತು. ಗೆರೆಯ ಪಕ್ಕದಲ್ಲಿ ಸಣ್ಣ ಚೌಕ, ನಮ್ಮ ಮನೆ. ಅಂಚಿನಲ್ಲಿ ಕೆಂಪು ಅಕ್ಷರ.

"ಇವಳೇ, ಅದನ್ನ ಓದೋಕೆ ಮುಂಚೆ ನಾನೊಂದು ಮಾತು..." ಅಂತ ಅಪ್ಪ ಶುರು ಮಾಡಿದ.

ಅಮ್ಮ ಗಟ್ಟಿಯಾಗಿ ಓದಿದಳು. "ಬಾಗು ತಪ್ಪಾಗಿದೆ. ಪಟ್ಟಿ ಮಗುಚಿದೆ. ಸರಿಪಡಿಸಿ. ಮಾರ್ಚ್ ಒಂಬತ್ತು."

ಅಮ್ಮನ ಮುಖ ಸಣ್ಣದಾಗಿಹೋಯ್ತು.

"ಇದು ಎಳೆಯೋವಾಗ ನಮ್ಮ ಮನೆ ನಿಮ್ಮ ಕಣ್ಣಿಗೇ ಬಿದ್ದಿರಲಿಲ್ವಾ?"

"ಇಲ್ಲ ಕಣೇ."

"ನಾನು ಊರಿಗೆಲ್ಲ ಹೇಳ್ಕೊಂಡು ಬಂದೆನಲ್ರೀ."

"ತಪ್ಪಾಯ್ತು" ಅಂದ ಅಪ್ಪ. ಆ ಹೊಸ ಶರ್ಟಿನೊಳಗೆ ಅವನು ಕುಗ್ಗಿಹೋಗಿದ್ದ. ನನಗೆ ಅಳು ಬಂತು, ಯಾರ ಪರ ಅಳಬೇಕೋ ತಿಳೀಲಿಲ್ಲ.

ಅಮ್ಮ ತಿರುಗಿ ಹೊರಟೇ ಹೋಗ್ತಾಳೆ ಅಂದ್ಕೊಂಡೆ. ಹೋಗಲಿಲ್ಲ. ಗಾಜಿಗೆ ಮೂಗು ತಾಗೋ ಹಾಗೆ ಬಗ್ಗಿ, ಗಿರಾಕಿ ತಂದ ಬಟ್ಟೆಯನ್ನ ಬೆಳಕಿಗೆ ಹಿಡಿದು ನೋಡೋ ಹಾಗೆ, ಆ ಗೆರೆಯನ್ನ ತುದಿಯಿಂದ ತುದಿಗೆ ನೋಡಿದಳು.

"ಕೆಂಪಕ್ಷರದ ಕೆಳಗೆ ಇದು ಯಾರ ಕೈಬರಹ?"

ನಾನು ಬಗ್ಗಿ ನೋಡಿದೆ. ಗುಂಡಗಿನ, ಚೊಕ್ಕ ಅಕ್ಷರ. ನನ್ನ ಶಾಲೆಯ ಪುಸ್ತಕಕ್ಕೆಲ್ಲ ಹೆಸರು ಬರೆದುಕೊಟ್ಟ ಅದೇ ಅಕ್ಷರ. "ಸರಿಪಡಿಸಲಾಗಿದೆ. ಮಾರ್ಚ್ ಹದಿನೆಂಟು." ಅದರ ಕೆಳಗೆ ಅಪ್ಪನ ಸಹಿ.

"ಎಲ್ರೀ ಸರಿಪಡಿಸಿದೀರಿ?" ಅಂದಳು ಅಮ್ಮ. "ಬಿಚ್ಚಿ ಹೊಲಿದದ್ದು ನನ್ನ ಕಣ್ಣಿಗೆ ಬೀಳದೇ ಇರುತ್ತಾ? ಅಳಿಸಿದ ಗುರುತಿಲ್ಲ, ಕೆರೆದ ಗುರುತಿಲ್ಲ. ನೀವು ಇದನ್ನ ಮುಟ್ಟೇ ಇಲ್ಲ. ಯಾಕೆ ಮುಟ್ಟಲಿಲ್ಲ?"

ಬಸ್ಸಿನಲ್ಲಿ ನನಗೆ ಹೊಳೀದೇ ಇದ್ದ ಪ್ರಶ್ನೆ ಅದೇ.

ಅಪ್ಪ ಹತ್ತಿರ ಯಾರಾದ್ರೂ ಇದಾರಾ ಅಂತ ಸುತ್ತ ನೋಡಿದ. "ಅದನ್ನ ಮಾತ್ರ ಕೇಳ್ಬೇಡ. ಕೈ ತಪ್ಪೋದು ಯಾರಿಗಾದ್ರೂ ಆಗುತ್ತೆ. ಆದ್ರೆ ಮಾಡದ ಕೆಲಸ ಮಾಡಿದೆ ಅಂತ ಸಹಿ ಹಾಕಿದೆ. ಕೆಲಸ ಹೋಗ್ತಿತ್ತು. ಈ ಮಗೂಗೂ ಹೇಳಿಲ್ಲ."

"ಮಾರ್ಚ್ ಹದಿನೇಳು" ಅಂದಳು ಅಮ್ಮ, ಅಪ್ಪನ ಮಾತು ಕಿವಿಗೇ ಬೀಳದವಳ ಹಾಗೆ. "ನನ್ನ ಮಿಷನ್ನು ಮನೆಗೆ ಬಂದ ದಿನ. ವರ್ಷಾ ವರ್ಷ ಅವತ್ತೇ ಅದಕ್ಕೆ ಎಣ್ಣೆ ಬಿಡ್ತೀನಿ. ಅವತ್ತೇ ನೀವು ಟೇಪು ಹಿಡ್ಕೊಂಡು ಬಂದ್ರಿ. ಎಷ್ಟು ಸಲ ಅಳೀತೀರಿ, ಹೆಣಕ್ಕೂ ಇಷ್ಟು ಅಳತೆ ತಗೊಳಲ್ಲ ಅಂತ ನಾನು ಜಗಳ ತೆಗೆದೆ."

"ಸರಿಪಡಿಸೋಕೇ ಬಂದಿದ್ದೆ. ಹೊಸ ಅಳತೆ ಬೇಕಿತ್ತು." ಅಪ್ಪನ ದನಿ ಕಿವಿಗೊಟ್ಟರೆ ಮಾತ್ರ ಕೇಳಿಸೋಷ್ಟು ಸಣ್ಣದಾಗಿತ್ತು. "ಬೈದುಬಿಟ್ಟು, ಆಮೇಲೆ ನೀನೇ ಟೇಪಿನ ಇನ್ನೊಂದು ತುದಿ ಹಿಡ್ಕೊಂಡೆ. ಹೋಗೋ ಮನೆ, ಸರಿಯಾಗಾದ್ರೂ ಅಳೀರಿ ಅಂದೆ. ವಾಪಸ್ ಹೋಗಿ ಮೇಜಿನ ಮುಂದೆ ಕೂತೆ. ಗೆರೆ ಕೆರೆಯೋ ಬ್ಲೇಡು ಕೈಯಲ್ಲೇ ಇತ್ತು. ಆಗಲಿಲ್ಲ ಕಣೇ."

ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು. ಒರೆಸ್ತಾನೇ ಇದ್ದಳು.

"ಇದನ್ನ ಹೇಳೋಕೆ ನಿಮಗೆ ಏನಾಗಿತ್ತು ರೋಗ?" ಅಂದಳು ಕೊನೆಗೆ. "ನಾನು ಸುಮ್ನೆ ಅರ್ಧ ಕತೆ ಹೇಳ್ಕೊಂಡು ತಿರುಗಿದೆ."

ಆಮೇಲೆ ಅವನ ಕಾಲರ್ ಮತ್ತೆ ಸರಿಮಾಡಿದಳು. ಅದು ಸರಿಯಾಗೇ ಇತ್ತು.

ಎರಡು ಗಂಟೆಗೆ ನನ್ನ ಡ್ಯೂಟಿ. ಇಬ್ಬರೂ ನನ್ನ ಬಸ್ಸಿಗೇ ಹತ್ತಿ, ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಹಳಿ ದಾಟಿತು, ಲಾಂಡ್ರಿ ದಾಟಿತು, ಬಾಯಿ ತೆರೆದವರು ದಾಟಿದರು. ಹುಚ್ಚು ತಿರುವಿಗೆ ಬಂದಾಗ ಎಷ್ಟು ನಿಧಾನ ಮಾಡಿದ್ರೂ ಬಸ್ಸು ವಾಲಿತು. ನಿಂತಿದ್ದ ಒಬ್ಬರ ಚೀಲದಿಂದ ಈರುಳ್ಳಿ ಎಲ್ಲ ಉರುಳಿ ಹೋದವು.

"ಯಾವ ಮುಟ್ಠಾಳನ ಕೆಲಸವೋ ಈ ತಿರುವು!" ಅಂತ ಅವರು ಕಿರುಚಿದ್ರು.

ಅಮ್ಮ ಕಂಬಿ ಹಿಡ್ಕೊಂಡು ಎದ್ದು ನಿಂತಳು. ಇಡೀ ಬಸ್ಸಿಗೆ ಕೇಳೋ ಹಾಗೆ ಹೇಳಿದಳು.

"ನಮ್ಮನೆಯವರ ಕೆಲಸ. ಮೊದಲು ಕೈತಪ್ಪಿ, ಆಮೇಲೆ ಬೇಕೂಂತ."

ಕನ್ನಡಿಯಲ್ಲಿ ಅಪ್ಪನನ್ನ ನೋಡಿದೆ. ಅವನು ಚಪ್ಪಲಿ ಕಡೆ ಬಗ್ಗಿರಲಿಲ್ಲ. ಕಿಟಕಿಯಾಚೆ, ಗೋಡೆ ತುಂಬ ಹೊಳೀತಿದ್ದ ಚಕ್ರದ ಮುಚ್ಚಳಗಳನ್ನ ನೋಡ್ತಾ ಕೂತಿದ್ದ.