ಮ್ಯಾಗ್ಡಲಿನಳ ಜಪಾನಿ ಅಕ್ಷರಗಳು

ಬರ್ತಾ ಗೋಡೆಯ ಪ್ಲಗ್ಗಿನಿಂದ ವಯರು ಕಿತ್ತು, ಪುಟ್ಟ ಟಿವಿಯ ಮೇಲೆ ಬೆಡ್‌ಶೀಟು ಎಳೆದಳು. ಚಾವಡಿಯಲ್ಲಿ ಅವಳ ತಮ್ಮನ ಹೆಂಡತಿ ಮ್ಯಾಗ್ಡಲಿನಳ ಶವಪೆಟ್ಟಿಗೆಯ ಸುತ್ತ ಹೆಂಗಸರು ಜಪಮಾಲೆ ಹೇಳುತ್ತಿದ್ದರು. ನಡುವೆ ಪಿಸುಮಾತೂ ಕೇಳುತ್ತಿತ್ತು.

"ಆ ಟಿವಿ ಆಟದ ಎದುರು ಕೂತಲ್ಲೇ ಜೀವ ಹೋದದ್ದಂತೆ. ಟಿವಿ ಆನ್ ಆಗಿಯೇ ಇತ್ತಂತೆ," ಎಂದಳು ನೆರೆಮನೆಯ ಸುಂದರಿ.

"ಗಂಡನ ಆತ್ಮ ಅದರೊಳಗೆ ಉಂಟು ಮಾರಾಯ್ತಿ," ಎಂದಳು ಪ್ಯಾಟ್ರಿಶಿಯಾ. "ಇಲ್ಲದಿದ್ದರೆ ಎರಡು ವರ್ಷ ಯಾರಾದರೂ ಹಾಗೆ ಕೂರುತ್ತಾರಾ?"

ಬರ್ತಾಳಿಗೆ ಸಿಟ್ಟು ಬರಲಿಲ್ಲ. ಅವಳಿಗೂ ಅದೇ ಭಯವಿತ್ತು. ತಮ್ಮನ ಜೊತೆ ಹಡಗಿನಲ್ಲಿದ್ದ ರೊಸಾರಿಯೊ ಕಾಪುವಿನಿಂದ ಬಂದಿದ್ದ. ರಜೆಯ ಮೇಲೆ ಇಳಿದು ನಾಲ್ಕೇ ದಿನವಾಗಿತ್ತು. ಅವನನ್ನು ಒಳಗೆ ಕರೆದು ಹೇಳಿದಳು:

"ಮಣ್ಣು ಕೊಟ್ಟು ಬಂದ ಮೇಲೆ ಈ ಮೆಷಿನನ್ನು ನೀನೇ ತೆಗೆದುಕೊಂಡು ಹೋಗು. ನನಗೆ ಬೇಡ."

*

ಬರ್ತಾಳ ತಮ್ಮ ಲಿಯೋನೆಲ್ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿದ್ದ. 1986ರಲ್ಲಿ ಬಿರುಗಾಳಿಗೆ ಸಿಕ್ಕಿ ಕಡಲಿಗೆ ಬಿದ್ದ. ಹೆಣ ಸಿಗಲಿಲ್ಲ. ಮೂರು ತಿಂಗಳ ನಂತರ ಅವನ ಸಾಮಾನು ಕುಕ್ಕುಂದೂರಿನ ಮನೆಗೆ ಬಂತು: ಜಪಾನಿನ ಆಟದ ಮೆಷಿನು, ಅದಕ್ಕೆ ಹಾಕುವ ಆಟದ ಕ್ಯಾಸೆಟ್ ಒಂದು, ಅದಕ್ಕೆ ಹೊಂದುವ ಪುಟ್ಟ ಟಿವಿ, ಕರೆಂಟು ಇಳಿಸುವ ಭಾರದ ಡಬ್ಬಿ. ಜೊತೆಗೆ ಅವನ ಕೈಯಲ್ಲಿ ಬರೆದ ಇಪ್ಪತ್ತು ಜಪಾನಿ ಅಕ್ಷರಗಳ ಚೀಟಿ.

ಮ್ಯಾಗ್ಡಲಿನ್ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ನಮೂನೆ ನೋಡಿ ಹೊಲಿಯುವ ಕಣ್ಣು. ಚೀಟಿಯ ಗೆರೆಗಳನ್ನು ಪರದೆಯ ಗೆರೆಗಳಿಗೆ ಹೊಂದಿಸಿ ಒಂದೊಂದಾಗಿ ಒತ್ತಿದಳು. ಗಂಡ ನಿಲ್ಲಿಸಿದಲ್ಲಿಂದ ಆಟ ತೆರೆದುಕೊಂಡಿತು: ಸಿಂಹಾಸನದ ಮೇಲೆ ರಾಜ, ಎದುರಿಗೆ ಆಡುವವರು ನಡೆಸುವ ಒಂದು ಪುಟ್ಟ ಆಳು. ಆರಿಸಿದರೆ ಮೆಷಿನು ಎಲ್ಲ ಮರೆಯುತ್ತಿತ್ತು. ಅದಕ್ಕೆ ಮೊದಲು ರಾಜ ಕೊಡುವ ಹೊಸ ಅಕ್ಷರಗಳನ್ನು ಅವಳು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಮರುದಿನ ಅವನ್ನೇ ಒತ್ತಿದರೆ ಆಟ ಅಲ್ಲಿಂದ ಮುಂದುವರಿಯುತ್ತಿತ್ತು.

"ಓದಲಿಕ್ಕೆ ಬಾರದ ಆಟದಲ್ಲಿ ನಿನಗೆ ಎಂತ ಉಂಟು?" ಎಂದು ಬರ್ತಾ ಕೇಳಿದ್ದಳು.

"ಅವರು ನಿಂತ ಜಾಗದಿಂದ ನಾನು ನಡೆಯುತ್ತಿದ್ದೇನೆ, ಬರ್ತಾ ಬಾಯಿ. ರಾಜ ದಿನಾ ಎಂತದೋ ಹೇಳುತ್ತಾನೆ. ಒಂದು ದಿನ ಅರ್ಥವಾದೀತು."

ಒಮ್ಮೆ ಬರ್ತಾ ಸಿಟ್ಟಿನಲ್ಲಿ ನಡುವೆಯೇ ಪ್ಲಗ್ಗು ಕಿತ್ತಿದ್ದಳು. ಇಡೀ ದಿನದ ದಾರಿ ಅಳಿಸಿಹೋಯಿತು. ಮ್ಯಾಗ್ಡಲಿನ್ ಅಳಲಿಲ್ಲ, ಬೈಯಲಿಲ್ಲ. ಮರುದಿನ ಹಳೆಯ ಪುಟ ತೆರೆದು ಮತ್ತೆ ಅಲ್ಲಿಂದಲೇ ಹೊರಟಳು. ಒಂದು ತಿಂಗಳು ಬರ್ತಾಳೊಡನೆ ಮಾತಾಡಲಿಲ್ಲ, ಅಷ್ಟೆ.

*

ಸಂಜೆ ಸಿಮೆಟ್ರಿಯಿಂದ ಮರಳಿದ ರೊಸಾರಿಯೊ ಬೆಡ್‌ಶೀಟು ಸರಿಸಿದ.

"ಈ ಆಟವನ್ನು ಮಾಡಿದವರು ಜಪಾನಿನ ಹೊರಗೆ ಮಾರಲೇ ಇಲ್ಲ, ಬರ್ತಾ ಬಾಯಿ. ಅವರ ಊರಿನವರಿಗೆ ಮಾತ್ರ. ಲಿಯೋನೆಲ್ ತೆಗೆದುಕೊಂಡಾಗ ನಾನು ಜೊತೆಗಿದ್ದೆ. ಬಂದರಿನ ಬೋರ್ಡು ನೋಡಿ ನೋಡಿ ಇಬ್ಬರೂ ಅಕ್ಷರವನ್ನೂ ಒಂದಿಷ್ಟು ಮಾತನ್ನೂ ಕಲಿತಿದ್ದೆವು."

ಬರ್ತಾ ಮ್ಯಾಗ್ಡಲಿನಳ ನೋಟ್‌ಬುಕ್ಕು ತಂದು ಅವನ ಮುಂದಿಟ್ಟಳು. "ಹಾಗಾದರೆ ಒಮ್ಮೆ ಓದು. ಅವಳು ಎಂತದರ ಎದುರು ಸತ್ತಳೆಂದು ನನಗೆ ತಿಳಿಯಬೇಕು."

ರೊಸಾರಿಯೊ ಪ್ಲಗ್ಗು ಹಾಕಿ, ನೋಟ್‌ಬುಕ್ಕಿನ ಕೊನೆಯ ಪುಟ ನೋಡಿ ಅಕ್ಷರಗಳನ್ನು ಒತ್ತಿದ. ಒಂದೂ ತಪ್ಪಿರಲಿಲ್ಲ. ರಾಜ ಕಾಣಿಸಿಕೊಂಡ. ಮೊನ್ನೆ ಬೆಳಿಗ್ಗೆ ಮ್ಯಾಗ್ಡಲಿನ್ ಸತ್ತದ್ದನ್ನು ಬರ್ತಾ ಕಂಡಾಗ ಪರದೆಯ ಮೇಲಿದ್ದದ್ದೂ ಅವನೇ. ರೊಸಾರಿಯೊ ಬೆರಳಿಟ್ಟು ಓದಿದ.

"ರಿ... ನಾ."

"ಹಾಗೆಂದರೆ ಎಂತ?"

"ಆಟ ಶುರು ಮಾಡುವಾಗ ಆಳಿಗೊಂದು ಹೆಸರಿಡಬೇಕು. ಇದು ಲಿಯೋನೆಲ್ ಇಟ್ಟದ್ದು. ಅವರ ಭಾಷೆಯಲ್ಲಿ 'ಲ' ಇಲ್ಲ. ಅದರ ಬದಲು 'ರ' ಬರೆಯುತ್ತಾರೆ."

ಲೀನಾ. ಮ್ಯಾಗ್ಡಲಿನಳನ್ನು ಹಾಗೆ ಕರೆಯುತ್ತಿದ್ದವನು ಲಿಯೋನೆಲ್ ಒಬ್ಬನೇ. ಬರ್ತಾ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಈ ರಾಜ ದಿನಾ ಹೆಸರು ಹಿಡಿದು ಕರೆಯುತ್ತಿದ್ದನಾ?"

"ಹೌದು."

"ಮತ್ತೆ ಎಂತ ಹೇಳುತ್ತಾನೆ?"

ರೊಸಾರಿಯೊ ಮುಂದಿನ ಸಾಲಿಗೆ ಬೆರಳು ಸರಿಸಿದ. "'ಲೀನಾ, ಬಂದೆಯಾ? ನಿನಗಾಗಿಯೇ ಕಾಯುತ್ತಿದ್ದೆ. ಮುಂದೆ ಹೋಗುತ್ತೀಯಾ?'"

ಒತ್ತುವ ಗುಂಡಿಗಳಿದ್ದ ಹಲಗೆಯನ್ನು ಅವನು ಬರ್ತಾಳ ಕೈಗಿಟ್ಟ. ಅವಳು ಒತ್ತಲಿಲ್ಲ, ಕೆಳಗಿಡಲೂ ಇಲ್ಲ. ಪರದೆಯಲ್ಲಿ ರಾಜನ ಎದುರು ಪುಟ್ಟ ಆಳು ನಿಂತಲ್ಲೇ ಒಂದು ಕಾಲು, ಮತ್ತೊಂದು ಕಾಲು ಎತ್ತಿಡುತ್ತ ಹೆಜ್ಜೆ ಹಾಕುತ್ತಿತ್ತು.