ಒಂದು ಮಗ್ಗದಷ್ಟು ದಮ್ಮು

ಒಂದು ಡೀಸೆಲ್ ಇಂಜಿನ್ನು ನನ್ನ ಮದುವೆಯನ್ನೇ ನಿಲ್ಲಿಸುವುದರಲ್ಲಿತ್ತು. ಆ ಬೇಸಿಗೆ ಬನಹಟ್ಟಿಯಲ್ಲಿ ಹಗಲಿಡೀ ಕರೆಂಟು ಇರುತ್ತಿರಲಿಲ್ಲ. ನಮ್ಮ ಓಣಿಯವರೆಲ್ಲ ಸೇರಿ ಹಳೆಯ ಇಂಜಿನ್ ತಂದು ಅದರ ಕರೆಂಟಿನಿಂದ ಮಗ್ಗ ಓಡಿಸುತ್ತಿದ್ದರು. ಅದನ್ನು ನೋಡಿಕೊಳ್ಳುವವನು ಎದುರುಮನೆಯ ತುಕಾರಾಮ, ನನ್ನನ್ನು ಕಟ್ಟಿಕೊಳ್ಳುವವನು. ಗಂಡನ ಹೆಸರು ಹಿಡಿದೇ ಹೇಳುತ್ತೇನೆ, ಯಾರಿಗೆ ಹೆದರಲಿ.

ನಮ್ಮ ಮನೆಯ ಹುಡುಗಿ ಮನೆಯ ಮಗ್ಗದ ಸೀರೆ ಉಟ್ಟೇ ತಾಳಿ ಕಟ್ಟಿಸಿಕೊಳ್ಳಬೇಕು. ನಾಳೆ ಮದುವೆ, ಸೀರೆ ಇನ್ನೂ ಅರ್ಧ ನೇಯ್ದು ಮಗ್ಗದ ಮೇಲೇ ಇದೆ. ಇಂಜಿನ್ ಶುರುವಾಗುವುದು, ಮಗ್ಗಗಳ ಸದ್ದು ಒಟ್ಟಿಗೇ ನಿಧಾನವಾಗುವುದು, ದೀಪ ಕೆಂಪಾಗುವುದು, ಇಂಜಿನ್ ಗಪ್ಪನೆ ನಿಲ್ಲುವುದು. ತಮ್ಮದೇ ಮೊದಲು ಓಡಲಿ ಎಂದು ಒಬ್ಬರೂ ಸ್ವಿಚ್ಚು ಆರಿಸುತ್ತಿರಲಿಲ್ಲ.

“ಎಲ್ಲಾರೂ ಒಮ್ಮೆಲೇ ಮ್ಯಾಲ ಬಿದ್ರ ಅದು ಉಸರು ಹೆಂಗ ಹಿಡೀಬೇಕು,” ಎಂದ ತುಕಾರಾಮ. “ಒಬ್ಬೊಬ್ಬರಾಗಿ ಹಚ್ಚರಿ. ಮತ್ತ ಒಂದ್ ಮಗ್ಗದಷ್ಟು ದಮ್ಮು ಯಾವಾಗೂ ಅದರಾಗ ಉಳೀಬೇಕು. ಒಬ್ಬರು ಬಂದ್ ಇಡ್ರಿ.”

ಆ ಒಬ್ಬರು ಯಾರು? ಎಲ್ಲರೂ ಆಕಾಶ ನೋಡಿದರು. ಅವನ ಅಪ್ಪ ಮಹಾಲಿಂಗಪ್ಪನವರೇ, “ನಮ್ಮ ಮಗ್ಗಂತೂ ನಿಲ್ಲಂಗಿಲ್ಲ,” ಎಂದುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಅರಿಷಿಣ ಹಚ್ಚಿಕೊಂಡವಳು ಹೊಸ್ತಿಲು ದಾಟಬಾರದು. ದಾಟಿದೆ.

“ಮಾವಾರ, ಸೀರಿ ಆಗಲಿಲ್ಲಂದ್ರ ನಾ ಬರಂಗಿಲ್ರಿ. ನಿಮ್ಮ ಮಗಗ ಆ ಇಂಜಿನ್ನ ಕಟ್ರಿ. ಇಬ್ಬರೂ ಹೊಗಿ ಉಗುಳ್ಕೊಂತ ಛಲೋ ಇರ್ತಾರ.”

ಮಾವ ಹೊಟ್ಟೆ ಹಿಡಿದು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಆಮೇಲೆ ಎದ್ದು ತಮ್ಮ ಸ್ವಿಚ್ಚು ಆರಿಸಿದರು.

“ಮದಿವಿ ಮುಗಿಯೂತನಾ ಹಚ್ಚಂಗಿಲ್ಲ. ಹೋಗು ಗುರುಬಾಯಿ.”

ಉಳಿದವರು ಒಬ್ಬೊಬ್ಬರಾಗಿ ಹಚ್ಚಿದರು. ಇಂಜಿನ್ ನಿಲ್ಲಲಿಲ್ಲ. ಸಂಜೆಗೆ ಸೆರಗು ಮುಗಿಯಿತು. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಹಂದರದ ದೀಪ, ರೆಕಾರ್ಡಿನ ಹಾಡು ಎಲ್ಲ ಅದೇ ಇಂಜಿನ್ ಮೇಲೆ. ಮಗ್ಗ ಬಂದ್ ಇಡುತ್ತೇವೆಂದು ಇಡೀ ಓಣಿ ಮಾತು ಕೊಟ್ಟಿತ್ತು. ತುಕಾರಾಮ ತಾಳಿ ಎತ್ತಿಕೊಂಡನೋ ಇಲ್ಲವೋ, ದೀಪ ಕೆಂಪಾದವು, ಹಾಡು ಎಮ್ಮೆಯ ಕೂಗಿನಂತೆ ರಾಗ ಎಳೆಯತೊಡಗಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೇರೆಯವರೆಲ್ಲ ಬಂದ್ ಇಟ್ಟಿರುತ್ತಾರೆ, ನಮ್ಮದೊಂದು ಓಡಿದರೇನು ಎಂದು ಮನೆಮನೆಯಲ್ಲೂ ಕೂಲಿಯವರನ್ನು ಮಗ್ಗಕ್ಕೆ ಹಚ್ಚಿ ಬಂದಿದ್ದರು. ಮೊದಲು ಎದ್ದು ಮಗ್ಗ ಆರಿಸಲು ಓಡಿದವನು ನನ್ನ ಅಪ್ಪ ರಾಮಲಿಂಗಪ್ಪ. ಅವನ ಹಿಂದೆ ಅಕ್ಷತೆ ಚೆಲ್ಲುತ್ತ ಇಡೀ ಹಂದರವೇ ಓಡಿತು.

ದೀಪ ಮತ್ತೆ ಬೆಳ್ಳಗಾದವು. ಉಳಿದದ್ದು ಮಂತ್ರ ಹೇಳುವ ಅಯ್ಯನವರು, ನಾವಿಬ್ಬರು ಮತ್ತು ಮಾವ. ಖರೇನೇ ಬಂದ್ ಇದ್ದದ್ದು ಅವರ ಮಗ್ಗ ಒಂದೇ.

“ಕಟ್ಟೋ ಮಗನ,” ಎಂದರು ಮಾವ, ಅಕ್ಷತೆಯ ಬುಟ್ಟಿಯನ್ನೇ ಎತ್ತಿಕೊಂಡು. “ಎಲ್ಲಾರ ಪಾಲಿಂದೂ ನಾನ ಹಾಕ್ತೇನಿ.”

ಬುಟ್ಟಿಗೆ ಬುಟ್ಟಿಯೇ ನಮ್ಮ ತಲೆಯ ಮೇಲೆ ಸುರಿಯಿತು. ನಾನು ನಗು ತಡೆಯಲಾರದೆ ಅಲುಗಾಡುತ್ತಿದ್ದೆ, ತುಕಾರಾಮನಿಗೆ ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು.